ಅತ್ತೆಯ ಸೌತೆಕಾಯಿ

ನವೆಂಬರ್ 7, 1999, ಭಾನುವಾರ

ಈ ಡೈರಿಯನ್ನು ಸ್ಟೆಬಿಲೈಸರ್ ಕಂಪನಿಯವರು ಜನವರಿಯಲ್ಲಿ ಕೊಟ್ಟಿದ್ದು. ಇಷ್ಟು ದಿನ ಶಿವಾಜಿನಗರದ ನನ್ನ ಟಿ.ವಿ. ರಿಪೇರಿ ಅಂಗಡಿಯಲ್ಲಿ ಬಿಸಿ ಸಾಲ್ಡರಿಂಗ್ ಐರನ್ ಇಡುವುದಕ್ಕೆ ಬಳಸುತ್ತಿದ್ದೆ, ರಟ್ಟಿನ ಮೇಲೆ ಸುಟ್ಟ ಗುರುತಿದೆ. ಇವತ್ತಿನಿಂದ ಬರೆಯುತ್ತೇನೆ. ಬರೆಯುವ ಹುಚ್ಚೇನೂ ಇಲ್ಲ. ನಮ್ಮ ಮನೆಯಲ್ಲಿರುವುದು ಇಬ್ಬರು, ಅದರಲ್ಲಿ ಒಬ್ಬಳು ಇವತ್ತು ಬೆಳಿಗ್ಗೆಯಿಂದ ಮಾತು ಬಿಟ್ಟಿದ್ದಾಳೆ. ಉಳಿದವನು ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕಲ್ಲ.

ನಡೆದದ್ದು ಇಷ್ಟು. ಇವತ್ತು ನರಕ ಚತುರ್ದಶಿ. ಎಣ್ಣೆ ಸ್ನಾನಕ್ಕೆ ಹಂಡೆ ಒಲೆ ಹಚ್ಚುವುದು ನನ್ನ ಕೆಲಸ. ವರ್ಷಕ್ಕೆ ಅದೊಂದೇ ಕೆಲಸ ಎಂದು ಉಮಾ ಹೇಳುತ್ತಾಳೆ. ಹೇಳುತ್ತಿದ್ದಳು. ಮಳೆಗೆ ಸೌದೆಯೆಲ್ಲ ನೆನೆದಿತ್ತು. ಬಚ್ಚಲುಮನೆ ಗೋಡೆಯ ಮೊಳೆಗೆ ತೂಗುಹಾಕಿದ ಚೀಲದಲ್ಲಿ ಒಂದು ಸಗಣಿ ಕುಳ್ಳು ಇತ್ತು. ಮಾರ್ಚಿನಲ್ಲಿ ಉಮಾ ಸುರಪುರದ ಕಡೆಯ ತನ್ನ ತವರಿನಿಂದ ತಂದದ್ದು. "ಇದನ್ನ ಮುಟ್ಟಬ್ಯಾಡ್ರಿ" ಅಂದಿದ್ದಳು. ನಮ್ಮಮ್ಮ ಇದ್ದಾಗ ನರಕ ಚತುರ್ದಶಿಯ ಮೊದಲ ಬೆಂಕಿಗೆಂದು ಒಂದು ಕುಳ್ಳನ್ನು ಎತ್ತಿಡುತ್ತಿದ್ದಳು, ಅದನ್ನೂ ಯಾರೂ ಮುಟ್ಟುವ ಹಾಗಿರಲಿಲ್ಲ. ಇದೂ ಅದೇ ಅಂದುಕೊಂಡೆ. ಅಷ್ಟೇ ಅಲ್ಲ, ಹೆಂಡತಿ ನಮ್ಮಮ್ಮನ ಪದ್ಧತಿ ಬಿಟ್ಟಿಲ್ಲವಲ್ಲ ಎಂದು ಸಂತೋಷವನ್ನೂ ಪಟ್ಟೆ. ಒಲೆಗೆ ಇಟ್ಟೆ. ಚೆನ್ನಾಗಿ ಹತ್ತಿಕೊಂಡಿತು.

ಉಮಾ ಎಣ್ಣೆ ಬಟ್ಟಲು ಹಿಡಿದು ಬಂದವಳು ಹೊಗೆಯ ವಾಸನೆಗೆ ನಿಂತಳು. ಗೋಡೆ ನೋಡಿದಳು. ಆಮೇಲೆ ಒಲೆಗೆ ಕೈ ಹಾಕಿದಳು, ಬರಿಗೈ. ನನಗೆ ಜೀವವೇ ಹಾರಿಹೋಯಿತು. ಹಂಡೆಯ ನೀರನ್ನೇ ಮೊಗೆದು ಒಲೆಗೆ ಸುರಿದೆ.

ಆ ಕುಳ್ಳಿನೊಳಗೆ ನಮ್ಮತ್ತೆ ಶೇಷಮ್ಮ ಒತ್ತಿಟ್ಟ ಸೌತೆ ಬೀಜ ಇತ್ತಂತೆ. ಆ ಕಡೆ ಹಸಿ ಸಗಣಿಗೆ ಬೀಜ ಒತ್ತಿ ಗೋಡೆಗೆ ತಟ್ಟಿ ಒಣಗಿಸುತ್ತಾರಂತೆ, ಹುಳ ಬೀಳುವುದಿಲ್ಲವಂತೆ. ನಮ್ಮಪ್ಪನೂ ಆ ಕಡೆಯವನೇ, ಆದರೆ ನಾನು ಹುಟ್ಟಿ ಬೆಳೆದದ್ದು ಹಲಸೂರು. ನನಗೆ ಬೀಜ ಅಂದರೆ ಪ್ಯಾಕೆಟ್. ಅತ್ತೆ ಫೆಬ್ರವರಿಯಲ್ಲಿ ತೀರಿಕೊಂಡರು, ಉಮಾಳ ಅಣ್ಣಂದಿರು ಅದರ ಹಿಂದೆಯೇ ಹೊಲ ಮಾರಿದರು. ಆ ಸೌತೆ ಬೇರೆ ಯಾರ ಹತ್ತಿರವೂ ಇಲ್ಲ. ಅವ್ವ ಹೋಗಿ ವರ್ಷ ತುಂಬಿದ ಮೇಲೆ ಇಲ್ಲೇ ಹಾಕೋಣ ಎಂದು ಉಮಾ ಇಟ್ಟುಕೊಂಡಿದ್ದಳು. ಇದಿಷ್ಟನ್ನೂ ಒಲೆಯ ಮುಂದೆ ಕೂತು ಅಳುತ್ತ ಹೇಳಿದಳು.

ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. "ಹೋಗ್ಲಿ ಬಿಡೆ, ಮಾರ್ಕೆಟ್ಟಿಂದ ಒಂದು ಪ್ಯಾಕೆಟ್ ತಂದ್ಕೊಡ್ತೀನಿ" ಅಂದೆ.

ಅಲ್ಲಿಗೆ ಮಾತು ನಿಂತಿತು. ಎಣ್ಣೆ ಸ್ನಾನ ಇಬ್ಬರದೂ ಆಗಲಿಲ್ಲ.

ನವೆಂಬರ್ 8

ಬೆಳಿಗ್ಗೆ ಪಕ್ಕದ ಮನೆಯ ಸುರಯ್ಯಾ ಬಾಗಿಲಿಗೆ ಬಂದು, "ಭಾಯ್, ನಿಮ್ಮನೇಲಿ ಗ್ಯಾಸ್ ಖಾಲಿ ಆಗಿದೆಯಂತೆ, ಭಾಭಿ ಹೇಳಿದ್ರು" ಅಂದಳು. ನಮ್ಮ ಅಡುಗೆಮನೆ ನಾನು ನಿಂತಲ್ಲಿಂದ ಎರಡು ಮಾರು ದೂರ. ಉಮಾ ಅಲ್ಲೇ ಇದ್ದಳು. ಸುದ್ದಿ ಕಾಂಪೌಂಡ್ ದಾಟಿ ಹೋಗಿ, ಮತ್ತೆ ಕಾಂಪೌಂಡ್ ದಾಟಿ ನನಗೆ ಬಂದಿದೆ.

ಅಡುಗೆ ಕಟ್ಟೆಯ ಮೇಲೆ ಒಂದು ಸ್ಟೀಲ್ ತಟ್ಟೆ ಇದೆ. ಅದರಲ್ಲಿ ಒದ್ದೆ ಸಗಣಿಯಿಂದ ಬಿಡಿಸಿದ ಐದು ಬೀಜ. ಉಳಿದದ್ದೆಲ್ಲ ಇದ್ದಿಲು. ಉಮಾ ಅದನ್ನು ಎಸೆಯುವುದೂ ಇಲ್ಲ, ಮುಟ್ಟುವುದೂ ಇಲ್ಲ. ಅವಳ ಎರಡು ಬೆರಳಿಗೆ ಬೊಬ್ಬೆ ಬಂದಿದೆ. ಮುಲಾಮು ತಂದಿಟ್ಟೆ, ಹಚ್ಚಿಕೊಂಡಳು. ಮುಲಾಮಿನ ಮೇಲೆ ಕೋಪವಿಲ್ಲ.

ತಟ್ಟೆಯನ್ನು ಸುರಯ್ಯಾಗೆ ತೋರಿಸಿದೆ. ಅವಳು ಬ್ಲೌಸ್ ಹೊಲಿಯುತ್ತಾಳೆ, ಉಳಿದ ಹೊತ್ತು ಪೇಂಟ್ ಡಬ್ಬಗಳಲ್ಲಿ ಪುದೀನ, ಟೊಮೆಟೊ, ಬದನೆ ಬೆಳೆಯುತ್ತಾಳೆ. ಬೀಜವನ್ನು ಬೆಳಕಿಗೆ ಹಿಡಿದು ನೋಡಿ, "ನೀರು ಕುಡ್ದು ಊದ್ಕೊಂಡಿದೆ ಭಾಯ್. ಇನ್ನು ಇಟ್ರೆ ಕೊಳೆಯತ್ತೆ. ಇವತ್ತೇ ಹಾಕ್ಬಿಡಿ" ಅಂದಳು.

"ಈಗ ಹಾಕ್ಬಹುದಾ?"

"ಬಾರ್ದು. ಸೌತೆಗೆ ಚಳಿ ಅಂದ್ರೆ ದುಶ್ಮನ್."

"ಮತ್ತೆ?"

"ಮತ್ತೇನು, ಇವತ್ತೇ ಹಾಕ್ಬಿಡಿ."

ಬೆನ್ಸನ್ ಟೌನ್‌ನಲ್ಲಿ ಭಾನುವಾರ ಸೇರುವ ಕೈತೋಟದವರ ಒಂದು ಗುಂಪಿದೆಯಂತೆ, ಸುರಯ್ಯಾ ಅಲ್ಲಿಗೆ ಹೋಗುತ್ತಾಳೆ. ಗುಂಪಿನ ಹಿರಿಯರಾದ ಪಂಚಾಕ್ಷರಿ ಎಂಬವರ ನಂಬರ್ ಕೊಟ್ಟಳು. ಅಂಗಡಿಯಿಂದ ಫೋನ್ ಮಾಡಿದೆ. ಅವರು ಪೂರ್ತಿ ಕೇಳದೆ, "ಶಿವರಾತ್ರಿ ಆಗ್ಲಿ, ಆಮೇಲೆ ಹಾಕಿ. ಈಗ ಕ್ಯಾರೆಟ್ ಹಾಕಿ, ಬಟಾಣಿ ಹಾಕಿ" ಅಂದರು. ನನ್ನ ಹೆಂಡತಿ ಕ್ಯಾರೆಟ್‌ಗಾಗಿ ಮಾತು ಬಿಟ್ಟಿಲ್ಲ ಎಂದು ಹೇಳಬೇಕು ಅನ್ನಿಸಿತು. ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ.

ಐದು ಪ್ಲಾಸ್ಟಿಕ್ ಲೋಟದ ತಳಕ್ಕೆ ಸಾಲ್ಡರಿಂಗ್ ಐರನ್‌ನಿಂದ ತೂತು ಮಾಡಿ, ಸುರಯ್ಯಾ ಕೊಟ್ಟ ಮಣ್ಣು ತುಂಬಿ, ಹಾಕಿದೆ. ನನಗೆ ಈ ತೋಟದ ವಿಷಯದಲ್ಲಿ ಆಸಕ್ತಿಯಿಲ್ಲ. ಇದು ಮನೆಯ ಶಾಂತಿಗಾಗಿ.

ನವೆಂಬರ್ 14, ಭಾನುವಾರ

ಏನೂ ಬಂದಿಲ್ಲ. ಬೆನ್ಸನ್ ಟೌನ್‌ಗೆ ಹೋದೆ.

ಪಂಚಾಕ್ಷರಿಯವರ ಮನೆಯ ಹಿಂದೆ ಮಾವಿನ ಮರದ ಕೆಳಗೆ ಬೆತ್ತದ ಕುರ್ಚಿಗಳು. ಹತ್ತು ಹನ್ನೆರಡು ಜನ. ಹೆಂಗಸೊಬ್ಬರು ಟೊಮೆಟೊ ಬೀಜವನ್ನು ರಸದ ಜೊತೆಗೇ ಹುಳಿಗೆ ಬಿಟ್ಟು ಆಮೇಲೆ ತೊಳೆಯಬೇಕು ಅಂದರು. ಅವರ ಪಕ್ಕದವರು ಹುಳಿಗೆ ಬಿಡುವುದೆಲ್ಲ ಸುಳ್ಳು, ಬೂದಿಯಲ್ಲಿ ತಿಕ್ಕಿದರೆ ಸಾಕು ಅಂದರು. ಇಬ್ಬರೂ ನಗುನಗುತ್ತಲೇ ಮಾತಾಡುತ್ತಿದ್ದರು, ಆದರೆ ಕಾಫಿ ಬಂದಾಗ ಕುರ್ಚಿ ಬದಲಾಯಿಸಿದರು. ಅವರೆ ಬೀಜಕ್ಕೆ ಕೆಮ್ಮಣ್ಣೋ ಬೇವಿನೆಲೆಯೋ ಎಂಬ ವಿಚಾರದಲ್ಲಿ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರಿಗೆ ಕಣ್ಣಲ್ಲಿ ನೀರೇ ಬಂತು. ದೊಡ್ಡವರು, ಓದಿದವರು. ನೋಡಿ ಬೇಜಾರಾಯಿತು.

ನನ್ನ ಸರದಿ ಬಂದಾಗ ನಡೆದದ್ದನ್ನು ಹೇಳಿದೆ. "ಸುಟ್ಟ ಬೀಜ, ಅದರ ಮೇಲೆ ನೀರು, ಅದರ ಮೇಲೆ ಚಳಿಗಾಲ" ಎಂದು ಪಂಚಾಕ್ಷರಿ ಬೆರಳು ಮಡಿಸಿದರು. "ಇದಕ್ಕಿಂತ ಚೆನ್ನಾಗಿ ಒಂದು ಬೀಜಾನ ಸಾಯಿಸೋದಕ್ಕೆ ಆಗಲ್ಲ ರೀ."

ಎಲ್ಲರೂ ನಕ್ಕರು. ನಗದೆ ಇದ್ದವರು ಕಲ್ಯಾಣ ನಗರದ ಪ್ರತಿಭಾ ಎಂಬ ಮೇಡಂ ಒಬ್ಬರೇ. ಕಾಲೇಜಿನಲ್ಲಿ ಲೆಕ್ಕ ಕಲಿಸುತ್ತಾರಂತೆ. "ತಳದಿಂದ ಶಾಖ ಕೊಡಿ. ನಾನು ಮೆಣಸಿನಕಾಯಿ ಬೀಜಾನ ದೇವರ ದೀಪದ ಪಕ್ಕ ಇಡ್ತೀನಿ" ಅಂದರು.

ನಮ್ಮ ಮನೆಯಲ್ಲಿ ದೀಪಕ್ಕಿಂತ ಬಿಸಿಯಾದದ್ದು ಒಂದಿದೆ. ಬಂದವನೇ ಲೋಟಗಳನ್ನು ಟಿ.ವಿ.ಯ ಸ್ಟೆಬಿಲೈಸರ್ ಮೇಲೆ ಇಟ್ಟೆ.

ನವೆಂಬರ್ 17

ಸ್ಟೆಬಿಲೈಸರ್ ಬಿಸಿಯಾಗಬೇಕಾದರೆ ಟಿ.ವಿ. ಹಾಕಿರಬೇಕು. ಆದ್ದರಿಂದ ಬೆಳಿಗ್ಗೆಯಿಂದ ಮಲಗುವವರೆಗೆ ಹಾಕಿರುತ್ತೇವೆ. ಮಾತಾಡುವವರಿಲ್ಲದ ಮನೆಯಲ್ಲಿ ದಿನವಿಡೀ ಯಾರ್ಯಾರೋ ಮಾತಾಡುತ್ತಾರೆ. ಉಮಾಳಿಗೆ ಧಾರಾವಾಹಿ ಕಂಡರೆ ಆಗುವುದಿಲ್ಲ. ಈಗ ಅದರ ಮುಂದೆ ಕೂತೇ ಸೊಪ್ಪು ಬಿಡಿಸುತ್ತಾಳೆ. ಟಿ.ವಿ. ನೋಡುವುದಿಲ್ಲ, ಅದರ ಕೆಳಗೆ ನೋಡುತ್ತಾಳೆ.

ಮಧ್ಯಾಹ್ನ ಊಟಕ್ಕೆ ಬಂದಾಗ ಲೋಟಗಳ ಮೇಲೆ ಒಂದು ತೆಳು ಒದ್ದೆ ಬಟ್ಟೆ ಹೊದಿಸಿತ್ತು. ಗಾಳಿಗೆ ಹಾರಿ ಬಂದಿರಬೇಕು.

ನವೆಂಬರ್ 21

ಎರಡು ಮೊಳಕೆ!

ಪೂರ್ತಿ ಬಗ್ಗಿ ನೋಡಿದರೆ ಕಾಣುತ್ತದೆ. ಒಂದು ಇನ್ನೂ ತಲೆಯ ಮೇಲೆ ಬೀಜದ ಸಿಪ್ಪೆ ಹೊತ್ತುಕೊಂಡಿದೆ, ಆ ಸಿಪ್ಪೆಯ ಒಂದು ಅಂಚು ಕಪ್ಪು. "ಉಮಾ, ಬಾರೆ ಇಲ್ಲಿ!" ಎಂದು ಕೂಗಿಬಿಟ್ಟೆ, ಮರೆತು. ಬಂದಳು. ನೋಡಿದಳು. ಹೋದಳು.

ರಾತ್ರಿ ಜೋಳದ ರೊಟ್ಟಿ, ಎಣ್ಣೆಗಾಯಿ. ದೀಪಾವಳಿಯಿಂದ ಇಲ್ಲಿಯವರೆಗೆ ಬರೀ ಅನ್ನ ತಿಳಿಸಾರು ನಡೆದಿತ್ತು. ಬದನೆಕಾಯಿ ಅಗ್ಗವಾಗಿರಬೇಕು.

ಡಿಸೆಂಬರ್ 3

ಒಂದು ಗಿಡ ಹೋಯಿತು. ದೊಡ್ಡ ಕುಂಡಕ್ಕೆ ಬದಲಾಯಿಸಿ, ಎರಡನ್ನೂ ಹಿಂದಿನ ಅಂಗಳದಲ್ಲಿ ಬಿಸಿಲಿಗೆ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಒಂದರಲ್ಲಿ ಕಾಂಡದ ಬುಡ ಮಾತ್ರ ಇದೆ, ಪಕ್ಕದಲ್ಲಿ ಬಸವನಹುಳು ಹೋದ ಬೆಳ್ಳಿ ದಾರಿ.

ಅಂಗಡಿಗೆ ಹೋಗಲಿಲ್ಲ. ಒಂದು ಗಿಡಕ್ಕಾಗಿ ಅಲ್ಲ, ಸ್ವಲ್ಪ ತಲೆನೋವಿತ್ತು.

ಉಳಿದ ಕುಂಡದ ಸುತ್ತ ಸುರಯ್ಯಾ ಬೂದಿಯ ಗೆರೆ ಎಳೆದಳು. "ಇನ್ನು ಒಂದೇ ಭಾಯ್" ಅಂದಳು. ನನಗೆ ಎಣಿಸಲು ಬರುತ್ತದೆ.

ಡಿಸೆಂಬರ್ 12, ಭಾನುವಾರ

ಬೆನ್ಸನ್ ಟೌನ್. ನನ್ನ ಗಿಡಕ್ಕೆ ನಾಲ್ಕನೆಯ ಎಲೆ ಬಂದಿದೆ ಎಂದೆ. ಪಂಚಾಕ್ಷರಿ ನಂಬಲಿಲ್ಲ. "ಚಳೀಲಿ ಸೌತೆ ನಾಲ್ಕನೇ ಎಲೆ ಬಿಡಲ್ಲ ರೀ." ಇನ್ನೊಂದು ವಾರದಲ್ಲಿ ಐದನೆಯದನ್ನೂ ಬಿಡುತ್ತದೆ ಎಂದೆ. ದನಿ ಸ್ವಲ್ಪ ಏರಿತು ಅನ್ನಿಸುತ್ತದೆ. ಕಾಫಿ ಬಂದಾಗ ಕುರ್ಚಿ ಬದಲಾಯಿಸಿದೆ.

ಡಿಸೆಂಬರ್ 24

ಚಳಿ ಜೋರು. ಸಂಜೆಯಾದರೆ ಇಪ್ಪತ್ತೊಂದು ಇಂಚಿನ ಟಿ.ವಿ. ಬಂದ ರಟ್ಟಿನ ಪೆಟ್ಟಿಗೆಯನ್ನು ಗಿಡದ ಮೇಲೆ ಬೋರಲು ಹಾಕುತ್ತೇನೆ, ಒಳಗೆ ಒಂದು ಜೀರೋ ಬಲ್ಬ್. ಅಂಗಡಿಗೆ ಬರುವವರೆಲ್ಲ ಒಂದೇ ಪ್ರಶ್ನೆ, ಎರಡು ಸಾವಿರ ಇಸವಿ ಹುಟ್ಟಿದ ಕೂಡಲೇ ಟಿ.ವಿ. ಕೆಟ್ಟುಹೋಗುತ್ತದೆಯೇ ಅಂತ. ಇಲ್ಲ ಎನ್ನುತ್ತೇನೆ. ಇವತ್ತು ಒಬ್ಬ ಗಿರಾಕಿ ಮನೆಯಲ್ಲಿ ಕುಂಬಳ ಹಬ್ಬಿದೆ, ಬೀಜವನ್ನು ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ ಎಂದ. ಒದ್ದೆ ಬೀಜವನ್ನೇ ಇಟ್ಟಿದ್ದಾನಂತೆ! ನೆರಳಲ್ಲಿ ಒಣಗಿಸಿ ಬೂದಿ ಹಚ್ಚುವುದನ್ನು ಅವನಿಗೆ ಪೂರ್ತಿ ಬಿಡಿಸಿ ಹೇಳಿ ಕಳಿಸಿದೆ. ಅವನ ಟಿ.ವಿ.ಗೆ ಏನಾಗಿದೆ ಎಂದು ಕೇಳಲು ಮರೆತೆ.

ಜನವರಿ 2, 2000

1999 ಮುಗಿಯಿತು, ಡೈರಿಯೂ ಮುಗಿಯಿತು. ಈ ಸಲ ಕಂಪನಿಯವರು ಕ್ಯಾಲೆಂಡರ್ ಮಾತ್ರ ಕೊಟ್ಟರು. ಇದರಲ್ಲೇ ಹಿಂದಿನ ಹಾಳೆಗಳು ಖಾಲಿ ಇವೆ, ಇಸವಿ ತಿದ್ದಿ ಬರೆಯುತ್ತಿದ್ದೇನೆ. ವಾರ ಹೊಂದುವುದಿಲ್ಲ.

ಟಿ.ವಿ.ಗಳಿಗೆ ಏನೂ ಆಗಲಿಲ್ಲ. ಹೊಸ ವರ್ಷದಲ್ಲಿ ಉಮಾ ಮಾತಾಡಬಹುದು ಎಂದುಕೊಂಡಿದ್ದೆ. ಅದೂ ಆಗಲಿಲ್ಲ.

ಜನವರಿ 7

ಹೂ ಬಿಟ್ಟಿದೆ! ಮೂರು ಹಳದಿ ಹೂ. ಸುರಯ್ಯಾಗೆ ಮೈಸೂರುಪಾಕು ಕೊಟ್ಟೆ. ಪಂಚಾಕ್ಷರಿಯವರಿಗೆ ಫೋನ್ ಮಾಡಿದೆ.

"ಹೂವಿನ ಹಿಂದೆ ಸಣ್ಣ ಕಾಯಿ ಥರ ಏನಾದ್ರೂ ಇದೆಯೇನ್ರೀ?"

"ಇಲ್ಲ, ಬರೀ ತೊಟ್ಟು."

"ಗಂಡು ಹೂ ಅದು. ಮೊದಲು ಗಂಡೇ ಬರೋದು. ದಂಡಿಯಾಗಿ ಬರ್ತವೆ, ನಿಂತಿರ್ತವೆ, ಉದುರಿಹೋಗ್ತವೆ. ಉಪಯೋಗವಿಲ್ಲ."

ಫೋನ್ ಇಟ್ಟೆ. ಉಮಾ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳ ಮುಖದ ಮೇಲೆ ನಗು ಇತ್ತೆಂದು ನನ್ನ ಅನುಮಾನ.

ಜನವರಿ 13

ಎಲೆಗಳ ಮೇಲೆ ಬಿಳಿ ಪುಡಿ. ಬೂದಿ ರೋಗವಂತೆ. ಹುಳಿ ಮಜ್ಜಿಗೆಯನ್ನು ನೀರಿಗೆ ಬೆರೆಸಿ ಚಿಮುಕಿಸಿ ಎಂದು ಪ್ರತಿಭಾ ಮೇಡಂ ಅಂದರು. ಮನೆಯಲ್ಲಿ ಮಜ್ಜಿಗೆ ಎಲ್ಲಿದೆ ಎಂದು ನನಗೆ ಗೊತ್ತಿಲ್ಲ, ಕೇಳಿದರೆ ಉತ್ತರ ಬರುವುದಿಲ್ಲ. "ಮಜ್ಜಿಗೆ ಬೇಕಿತ್ತು" ಎಂದು ಗೋಡೆಗೆ ಹೇಳಿ ಮಲಗಿದೆ.

ಜನವರಿ 14

ಬೆಳಿಗ್ಗೆ ಕುಂಡದ ಪಕ್ಕ ಒಂದು ಚೊಂಬು ಹುಳಿ ಮಜ್ಜಿಗೆ, ಸೋಸಿದ್ದು. ಸುರಯ್ಯಾಗೆ ಥ್ಯಾಂಕ್ಸ್ ಹೇಳಿದೆ. "ನಾನಾ? ನಮ್ಮನೇಲಿ ಮೊಸರೇ ತರಲ್ಲ ಭಾಯ್" ಅಂದಳು. ಹೇಳಿಕೊಳ್ಳಲು ಸಂಕೋಚ ಅವಳಿಗೆ.

ಜನವರಿ 15, ಸಂಕ್ರಾಂತಿ

ಉಮಾ ಬೀದಿಗೆಲ್ಲ ಎಳ್ಳು ಹಂಚಿದಳು. ನನಗೂ ಒಂದು ತಟ್ಟೆ ತಂದಿಟ್ಟಳು. ಈ ಹಬ್ಬದಲ್ಲಿ ಎಳ್ಳು ಕೊಡುವಾಗ ಎಲ್ಲರೂ ಎಲ್ಲರಿಗೂ ಹೇಳುವ ಒಂದು ಮಾತಿದೆ. ಅದನ್ನು ಹೇಳದೆ ಹೋದಳು. ಅದನ್ನು ಹೇಳಿದ್ದರೆ ಅವಳಿಗೇ ನಗು ಬರುತ್ತಿತ್ತು.

ಒಬ್ಬನೇ ಕೂತು ತಿಂದೆ. ಕೊಬ್ಬರಿ ಹೋಳು ಜಾಸ್ತಿ ಇತ್ತು. ನನಗೆ ಕೊಬ್ಬರಿ ಇಷ್ಟ ಎಂದು ಅವಳಿಗೆ ಗೊತ್ತು. ಅವಳು ಮಾತಾಡಿದರೆ ಸಾಕು ಅನ್ನಿಸುತ್ತಿದೆ. ಬೈದರೂ ಪರವಾಗಿಲ್ಲ.

ಜನವರಿ 24

ಹೆಣ್ಣು ಹೂ. ಒಂದು. ಹಿಂದೆ ಕಿರುಬೆರಳ ಉಗುರಿನಷ್ಟು ಕಾಯಿ, ಮೈಮೇಲೆ ಸಣ್ಣ ಮುಳ್ಳು. ನಾಳೆ ಅರಳುತ್ತದೆ.

ಸುರಯ್ಯಾಳ ಹಿಂದಿನ ಮನೆಯವರ ಚಪ್ಪರದಲ್ಲಿ ಬೇರೆ ಸೌತೆ ಇದೆ. ಜೇನುಹುಳು ಅದರ ಪರಾಗ ತಂದು ಮೆತ್ತಿದರೆ ಬೀಜ ಬೆರಕೆಯಾಗುತ್ತದೆ. ಅದಕ್ಕೆ ಹೂ ಅರಳುವ ಹಿಂದಿನ ಸಂಜೆಯೇ ಅದರ ಬಾಯಿಯನ್ನು ದಾರದಿಂದ ಕಟ್ಟಿಡಬೇಕು, ಬೆಳಿಗ್ಗೆ ಬಿಚ್ಚಿ ನಾವೇ ಗಂಡು ಹೂವಿನಿಂದ ಸವರಿ ಮತ್ತೆ ಕಟ್ಟಬೇಕು. ಪಂಚಾಕ್ಷರಿ ಫೋನಿನಲ್ಲಿ ಎರಡು ಸಲ ಹೇಳಿಕೊಟ್ಟರು. ಈಗ ಅವರೂ ನಂಬಿದ್ದಾರೆ.

ಒಂದು ಕೈಯಲ್ಲಿ ಹೂ ಹಿಡಿದರೆ ದಾರ ಕಟ್ಟಲಾಗುವುದಿಲ್ಲ, ದಾರ ಹಿಡಿದರೆ ಹೂ ಸಿಗುವುದಿಲ್ಲ. ನಾನು ಕೂದಲೆಳೆಯಂಥ ವೈರನ್ನು ಬೆಸುಗೆ ಹಾಕುವವನು, ಆದರೂ ದಾರ ಎರಡು ಸಲ ಜಾರಿ ಬಿತ್ತು. ಹಿಂದಿನಿಂದ ಇನ್ನೊಂದು ಕೈ ಬಂದು ದಾರ ತೆಗೆದುಕೊಂಡಿತು. ಉಮಾ ಕಟ್ಟಿದಳು, ಹೂವಿನ ಮಾಲೆ ಕಟ್ಟುವ ಗಂಟು. ಸುಟ್ಟ ಬೆರಳಿನ ಗುರುತು ಇನ್ನೂ ಸ್ವಲ್ಪ ಉಳಿದಿದೆ. ಕಟ್ಟಿ ಒಳಗೆ ಹೋದಳು.

ಜನವರಿ 25

ಸವರಿದೆ. ಕಟ್ಟಿದೆವು.

ಜನವರಿ 30, ಭಾನುವಾರ

ಕಚ್ಚಿಕೊಂಡಿದೆ. ಕಾಯಿ ಹೆಬ್ಬೆರಳಿನಷ್ಟಾಗಿದೆ.

ಬೆನ್ಸನ್ ಟೌನ್‌ನಲ್ಲಿ ಹೇಳಿದಾಗ ಚಪ್ಪಾಳೆ ತಟ್ಟಿದರು. ಹೊಸದಾಗಿ ಸೇರಿದವರೊಬ್ಬರು ಮೊದಲನೇ ಕಾಯನ್ನು ತಿಂದು ಉಳಿದದ್ದರಲ್ಲಿ ಬೀಜ ಮಾಡಿದರಾಯಿತಲ್ಲ ಎಂದರು. ಅವರಿಗೆ ಹೇಳಿದೆ: ಬಳ್ಳಿಯ ಮೊದಲನೇ ಕಾಯಿ, ಎಲ್ಲಕ್ಕಿಂತ ಒಳ್ಳೇ ಕಾಯಿ, ಅದು ಬೀಜಕ್ಕೆ. ಅದರ ಮೇಲೆ ಕಣ್ಣು ಹಾಕಬಾರದು. ಒಳ್ಳೆಯದನ್ನು ತಿಂದು ಕೆಟ್ಟದ್ದರ ಬೀಜ ಇಟ್ಟುಕೊಂಡರೆ ಮುಂದಿನ ವರ್ಷ ಕೆಟ್ಟದ್ದನ್ನೇ ತಿನ್ನಬೇಕು. ಇನ್ನೂ ಸುಮಾರು ಹೇಳಿದೆ, ಕಾಫಿ ಆರಿಹೋಯಿತು. ಬೀಜ ಆದ ಮೇಲೆ ಪ್ರತಿಭಾ ಮೇಡಂಗೆ, ಪಂಚಾಕ್ಷರಿಯವರಿಗೆ, ಸುರಯ್ಯಾಗೆ ಕೊಡುವುದೆಂದು ಮಾತಾಗಿದೆ.

ಬಳ್ಳಿ ಬುಡದಿಂದ ಹಳದಿ ತಿರುಗುತ್ತಿದೆ. ಬೂದಿ ರೋಗ ನಿಲ್ಲಲಿಲ್ಲ. ಈ ಕಾಯಿ ಹಣ್ಣಾಗುವವರೆಗೆ ತಡೆದುಕೊಂಡರೆ ಸಾಕು. ಇನ್ನೊಂದು ಕಾಯಿ ಬರುವುದಿಲ್ಲ.

ಫೆಬ್ರವರಿ 3

ಉಮಾ ಮಾತಾಡಿದಳು.

ಸಂಜೆ ಬಂದವನು ಚಪ್ಪಲಿ ಕೂಡ ಬಿಡದೆ ಕಾಯಿಗೆ ಹಾಕಿದ ಬಲೆ ಸರಿಮಾಡುತ್ತಿದ್ದೆ. ಹಿಂದಿನಿಂದ, "ಆ ಕಾಯಿ ಐತಾರ ಹರೀಬೇಕು" ಎಂದು ಕೇಳಿಸಿತು. ಸುರಯ್ಯಾ ಇರಬೇಕೆಂದು ಕಾಂಪೌಂಡಿನ ಕಡೆ ನೋಡಿದೆ.

"ಅಲ್ಲೆಲ್ಲಿ ನೋಡ್ತೀರಿ, ನಾನು."

ಅವಳ ದನಿ ಹೇಗಿತ್ತು ಎಂಬುದೇ ಮರೆತಂತಾಗಿತ್ತು. "ಆಯ್ತು" ಅಂದುಬಿಟ್ಟೆ. ಅಂದ ಮೇಲೆ ಅವಳು ಹೇಳಿದ್ದೇನೆಂದು ತಲೆಗೆ ಹೋಯಿತು.

"ಏನು, ಭಾನುವಾರ ಕೀಳೋದಾ? ಇನ್ನೂ ಎಳೇದು ಕಣೆ. ಹಣ್ಣಾಗಿ ಹಳದಿ ಆಗ್ಬೇಕು. ಈಗ ಕಿತ್ರೆ ಒಳಗಿರೋದೆಲ್ಲ ಜೊಳ್ಳು, ಒಂದೂ ಹುಟ್ಟಲ್ಲ."

"ಗೊತ್ತದ."

"ಗೊತ್ತಿದ್ದೂ ಹೇಳ್ತೀಯಾ?"

"ಐತಾರ ಅವ್ವಂದು ವರ್ಷದ ದಿನ. ಅಣ್ಣಗೋಳು ಮಾಡಲಿ, ಬಿಡಲಿ. ನಾ ಇಲ್ಲೇ ಎಡಿ ಇಡ್ತೀನಿ. ಎಡಿಗಿ ಈ ಕಾಯಿ ಬೇಕು."

ಮಾರ್ಕೆಟ್ಟಿನಿಂದ ಒಳ್ಳೇ ಸೌತೆಕಾಯಿ ತರುತ್ತೇನೆ ಎನ್ನಲು ಬಾಯಿ ತೆರೆದೆ. ದೇವರು ದೊಡ್ಡವನು, ಮುಚ್ಚಿಕೊಂಡೆ. ಆದರೆ ಸಿಟ್ಟು ಬಂತು. ಜೋರಾಗಿಯೇ ಬಂತು.

"ಒಂದೇ ಕಾಯಿ ಇರೋದು ಉಮಾ! ಬಳ್ಳಿ ಸಾಯ್ತಿದೆ, ನಿಂಗೂ ಕಾಣ್ತಿದೆ. ಇದನ್ನ ಕಿತ್ರೆ ನಿಮ್ಮವ್ವನ ಬೀಜ ಇಲ್ಲಿಗೆ ಮುಗೀತು. ಎಲ್ಲೂ ಇರಲ್ಲ, ಯಾರ ಹತ್ರಾನೂ ಇರಲ್ಲ."

"ಮುಗೀಲಿ."

"ಮುಗೀಲಿ ಅಂದ್ರೆ? ಇಷ್ಟು ದಿನ ನಾನು ಚಳೀಲಿ ಪೆಟ್ಟಿಗೆ ಮುಚ್ಕೊಂಡು ಕೂತಿದ್ದು ಯಾತಕ್ಕೆ? ನೀನು ಮಾತು ಬಿಟ್ಟಿದ್ದು ಈ ಬೀಜಕ್ಕೇ ತಾನೇ?"

"ಬೀಜಕ್ಕಲ್ಲ. ಬೀಜ ಸುಟ್ಟಿದ್ದು ತಿಳೀಲಾರದೆ ಆಯ್ತು. ಪಾಕೀಟು ತಂದುಕೊಡ್ತೀನಿ ಅಂದ್ರಲ್ಲ, ಅದಕ್ಕ."

ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು.

"ಅವ್ವ ಮೊದಲನೇ ಕಾಯಿಗಿ ಅರಿವಿ ಕಟ್ಟಿ ಬಿಡ್ತಿದ್ಲು, ಬೀಜಕ್ಕಂತ. ಬಳ್ಳಿಯೊಳಗ ಎಲ್ಲಾಕಿಂತ ಛಲೋದು ಅದು. ನಾವು ಮುಟ್ಟಿದ್ರ ಕೈಮ್ಯಾಲ ಹೊಡೀತಿದ್ಲು. ಆಮ್ಯಾಲ ಬಂದದ್ದು ನಮಗ. ಡೊಂಕಾದ್ದು, ಹುಳ ಹತ್ತಿದ್ದು ಆಕಿಗಿ. ಪ್ರತಿ ವರ್ಷ ಹಿಂಗೇ. ಆಕಿ ಒಂದ್ ಛಲೋ ಕಾಯಿ ತಿಂದದ್ದು ನಾ ನೋಡೇ ಇಲ್ಲ."

"ಅದೇ ಸರಿಯಾದ ಪದ್ಧತಿ" ಎಂದೆ, ಮೆತ್ತಗೆ.

"ಹೌದು, ಸರಿ. ಹೊಲ ಇದ್ದಾಗ ಸರಿ. ಈಗ ಬೀಜ ಇಟ್ಟು ಏನ್ ಮಾಡ್ಲಿ? ಯಾವ ಹೊಲಕ್ಕ ಹಾಕ್ಲಿ?" ಅಂದಳು. "ಇದೊಂದು ಕಾಯಿ ಆಕಿ ತಿನ್ಲಿ."

ರಾತ್ರಿ ಊಟಕ್ಕೆ ಕೂತಾಗ ಉಪ್ಪು ಬೇಕಾ ಎಂದು ಕೇಳಿದಳು. ಬೇಡ ಎಂದೆ. ಮಾತಾಡಿದ್ದಕ್ಕೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಮಲಗುವ ಮುಂಚೆ ಟಾರ್ಚ್ ಹಿಡಿದು ಹೋಗಿ ಆ ಕಾಯನ್ನು ಇನ್ನೊಮ್ಮೆ ನೋಡಿ ಬಂದೆ. ನನಗೆ ಈ ತೋಟದ ವಿಷಯದಲ್ಲಿ ಆಸಕ್ತಿಯಿರಲಿಲ್ಲ ಎಂದು ಇದೇ ಡೈರಿಯಲ್ಲಿ ಎಲ್ಲೋ ಬರೆದಿದ್ದೇನೆ.

ಫೆಬ್ರವರಿ 4

ಬೆಳಿಗ್ಗೆ ಕಾಯಿಯ ಪಕ್ಕ ಕೂತಿದ್ದೆ. ತಿಳಿ ಹಸಿರು, ಉದ್ದಕ್ಕೂ ಬಿಳಿ ಗೀರು, ಗೇಣಿಗಿಂತ ಸ್ವಲ್ಪ ಕಮ್ಮಿ. ಸುಟ್ಟ ಬೀಜದಿಂದ ಇಂಥದ್ದು ಬಂದಿದೆ.

ಅಂಗಡಿಯಿಂದ ಪಂಚಾಕ್ಷರಿಯವರಿಗೆ ಹೇಳಿದೆ. ಅವರು ಕಿರುಚಿದರು. "ಬೀಜದ ಕಾಯನ್ನ ಕೀಳ್ತಾರೇನ್ರೀ? ಒಂದು ತಳೀನೇ ಹೋಗತ್ತೆ! ನಾನು ಬಂದು ನಿಮ್ಮ ಮನೆಯವರ ಹತ್ರ ಮಾತಾಡ್ತೀನಿ. ಒಂದು ತಿಂಗಳು ತಡೀಲಿ, ಶಿವರಾತ್ರಿ ಆಗ್ಲಿ!"

ನಿನ್ನೆ ನಾನು ಹೇಳಿದ ಮಾತುಗಳೇ. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಏಕೋ ಸರಿ ಕಾಣಲಿಲ್ಲ. "ಬೇಡ ಸರ್. ಅದು ನಮ್ಮತ್ತೆ ಕಾಯಿ, ಅವರು ತಿನ್ಲಿ ಬಿಡಿ" ಎಂದು ಫೋನ್ ಇಟ್ಟೆ.

ಅತ್ತೆಯನ್ನು ನಾನು ಜೀವನದಲ್ಲಿ ಹೆಚ್ಚು ಸಲ ನೋಡಿದವನಲ್ಲ. ನಾನು ಮಾತಾಡಿದರೆ ಅವರಿಗೆ ಅರ್ಥವಾಗುತ್ತಿರಲಿಲ್ಲ, ಅವರು ಮಾತಾಡಿದರೆ ನನಗೆ. ಅವರ ಮನೆಗೆ ಹೋದಾಗಲೆಲ್ಲ ಸೌತೆಕಾಯಿ ಹೆಚ್ಚಿ ಉಪ್ಪು ಖಾರ ಸವರಿ ಕೊಡುತ್ತಿದ್ದರು. ತಿನ್ನುತ್ತಿದ್ದೆ. ಅವರೂ ತಿನ್ನುತ್ತಿದ್ದಾರೆಯೇ ಎಂದು ಒಂದು ಸಲವೂ ನೋಡಿರಲಿಲ್ಲ.

ಫೆಬ್ರವರಿ 6, ಭಾನುವಾರ

ಬೆನ್ಸನ್ ಟೌನ್‌ಗೆ ಹೋಗಲಿಲ್ಲ.

ಬೆಳಿಗ್ಗೆ ಉಮಾ ಸ್ನಾನ ಮಾಡಿ ಬಂದು ಈಳಿಗೆಯ ಪಕ್ಕ ಬುಟ್ಟಿ ಇಟ್ಟಳು. "ನೀವೇ ಹರೀರಿ. ಬೆಳೆಸಿದವರು ನೀವು" ಅಂದಳು. ಬಲೆ ಬಿಚ್ಚಿದೆ. ತೊಟ್ಟನ್ನು ತಿರುವಿದ ಕೂಡಲೇ ಕೈಗೆ ಬಂತು, ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಕಣ್ಣಲ್ಲಿ ನೀರು ಬಂತು. ಉಮಾ ನೋಡಿ, "ಅಯ್ಯ, ಇದೇನ್ರಿ" ಎಂದು ಸೆರಗಿನಿಂದ ನನ್ನ ಮುಖ ಒರೆಸಿದಳು. ಆಮೇಲೆ ಅವಳೂ ಅತ್ತಳು. ಕಾಂಪೌಂಡಿನ ಆಚೆಯಿಂದ ಸುರಯ್ಯಾ ಇಣುಕಿ, ಇಬ್ಬರನ್ನೂ ನೋಡಿ, ಏನೂ ಕೇಳದೆ ಒಳಗೆ ಹೋದಳು.

ನಡುಮನೆಯಲ್ಲಿ ಅತ್ತೆಯ ಫೋಟೋ ಇಟ್ಟು, ಮುಂದೆ ಬಾಳೆ ಎಲೆ ಹಾಕಿದಳು. ಹೋಳಿಗೆ, ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಎಲೆಯ ನಡುವೆ ಆ ಕಾಯಿ, ತೊಳೆದು, ಇಡಿಯಾಗಿ. ಒಂದು ಲೋಟ ನೀರು. ಊದುಬತ್ತಿ ಹಚ್ಚಿ ಕೈ ಮುಗಿದು, ನನ್ನನ್ನೂ ಎಬ್ಬಿಸಿಕೊಂಡು ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಅವರು ಬಂದು ಉಣ್ಣುವಾಗ ಮನೆಯವರು ನೋಡಬಾರದಂತೆ.

ಇಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕೂತೆವು. ಬಿಸಿಲು ಏರಿತ್ತು. ಉಮಾ ತನ್ನೂರಿನ ಸಂತೆ, ಅಣ್ಣಂದಿರ ಜಗಳ, ಈ ಮೂರು ತಿಂಗಳಲ್ಲಿ ಬೀದಿಯಲ್ಲಿ ಯಾರ ಮನೆಯಲ್ಲಿ ಏನಾಯಿತು ಎಂಬುದನ್ನೆಲ್ಲ ಹೇಳಿದಳು. ಒಂದು ಧಾರಾವಾಹಿಯ ಕತೆಯನ್ನೂ ಮೊದಲಿನಿಂದ ಹೇಳಿದಳು. ನಡುವೆ ಒಮ್ಮೆ, "ಮಜ್ಜಗಿ ಇಟ್ಟಾಕಿ ನಾನು. ನೀವು ಹೋಗಿ ಸುರಯ್ಯಾಗ ಥ್ಯಾಂಕ್ಸ್ ಹೇಳಿ ಬಂದ್ರಿ" ಎಂದು ಬೈದಳು. ಹಾಗೋ, ಎಂದೆ.

ನನಗೆ ಹಸಿವಾಗಿತ್ತು. "ಇಷ್ಟು ಹೊತ್ತು ಸಾಕಲ್ವೇನೆ? ಒಳಗೆ ಹೋಗೋಣ್ವಾ?" ಎಂದು ಕೇಳಿದೆ.

"ತಡೀರಿ" ಅಂದಳು. "ಆಕಿಗಿ ಹಲ್ಲಿಲ್ಲ. ಸವತಿಕಾಯಿ ತಿನ್ನಾಕ ಹೊತ್ತು ಹಿಡೀತದ."

"ಹೆಚ್ಚಿ ಇಡಬಹುದಿತ್ತಲ್ಲ."

"ಇಡೀದು ನೋಡ್ಲಿ ಅಂತ ಇಟ್ಟೀನಿ."

ಇನ್ನಷ್ಟು ಹೊತ್ತು ಕೂತೆವು.